ನಾಲ್ಕನೆಯ ಸಲದ ನೋವು

ವಲಸೆ ಹೋಗುವವರ ಹಾಡುಗಳನ್ನು ಕುರಿತ ಸಂಶೋಧನೆಯಲ್ಲಿ ಸಾಹಿತ್ಯದ ಪ್ರಾಧ್ಯಾಪಕರೊಬ್ಬರಿಗೆ ನಾನು ಸಹಾಯಕನಾಗಿದ್ದೆ. ವಿದ್ವತ್ತನ್ನು ಜನರ ಬದುಕಿಗೆ ಜೋಡಿಸುವುದು ಯೋಜನೆಯ ಘೋಷಿತ ಉದ್ದೇಶ. ಕಟ್ಟಡ ಕೆಲಸಕ್ಕೆಂದು ಪುಣೆಗೆ ಹೊರಟಿದ್ದ ಕುರಕುಂಟಾದ ಶರಣಮ್ಮ ವಾಡಿ ನಿಲ್ದಾಣದಲ್ಲಿ ಸಿಕ್ಕರು. ಗದ್ದಲ ಬೇಡವೆಂದು ಹೊರಗೆ ಬೇವಿನ ಮರದಡಿ ಕೂರಿಸಿ, ಅವರ ಸೆರಗಿಗೆ ಮೈಕು ಸಿಕ್ಕಿಸಿದೆ.

ಮೂರು ಸಲ ಹಾಡಿದರು. ಪ್ರಾಧ್ಯಾಪಕರಿಗೆ ತೃಪ್ತಿಯಾಗಲಿಲ್ಲ.

"ಊರು ಬಿಡುವ ನೋವು ಕೇಳಿಸುತ್ತಿಲ್ಲ ತಾಯಿ. ಇನ್ನೊಮ್ಮೆ ಹಾಡಿ."

"ನೋವು ಪುಣೆಕ್ಕ ಹೋದಮ್ಯಾಲ ಬರ್ತದ್ರಿ ಸಾಹೇಬ್ರ. ಈಗ ಗಾಡಿ ಬರ್ಲಿಕತ್ತದ. ಇದೇ ಗಾಡಿಗಿ ಬಂದವ್ರಿಗಷ್ಟೇ ಕೆಲ್ಸ ಅಂದಾನ ಕೂಲಿ ಮಂದೀನ ಒಯ್ಯೋ ಮುಕಾದಮ."

"ಒಂದೇ ಒಂದು ಸಲ."

ನಾಲ್ಕನೆಯ ಸಲ ನೋವು ಸ್ಪಷ್ಟವಾಗಿ ಕೇಳಿಸಿತು, ಏಕೆಂದರೆ ಹಾಡಿನ ನಡುವೆಯೇ ಗಾಡಿ ಹೊರಟಿತ್ತು. ಶರಣಮ್ಮ ಮೈಕು ಕಿತ್ತೆಸೆದು ಓಡಿದರು. ಪ್ಲಾಟ್‌ಫಾರ್ಮಿನಲ್ಲಿ ಅವರು ಬಿಟ್ಟುಬಂದಿದ್ದ ಗಂಟು ಮಾತ್ರ ಉಳಿದಿತ್ತು.

"ನಿಮ್ ಕೆಲ್ಸ ಆಯ್ತಲ್ರಿ," ಎಂದರು ಶರಣಮ್ಮ, ಗಂಟು ಹೊತ್ತು ಮರಳಿ ಬಂದು. "ನಂದ್ ಹೋಯ್ತು."

ವಾರ್ಷಿಕ ವರದಿಯಲ್ಲಿ 'ಸಾಮಾಜಿಕ ಪರಿಣಾಮ' ಎಂಬ ಅಂಕಣ ಖಾಲಿಯಿತ್ತು. ನಮ್ಮ ಯೋಜನೆಯಿಂದ ಗ್ರಾಮೀಣ ಮಹಿಳೆಯೊಬ್ಬರ ವಲಸೆ ತಪ್ಪಿದೆ ಎಂದು ಪ್ರಾಧ್ಯಾಪಕರು ನನ್ನಿಂದಲೇ ಬರೆಸಿದರು. ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿರದಿದ್ದ ಕಾರಣ ತಿದ್ದಲು ನನಗೆ ಏನೂ ಸಿಗಲಿಲ್ಲ.