ಹಿಮ ಇರಬೇಕಾದ ಕಡೆ ಮರಳು

ನನಗೆ ಇದು ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಅರ್ಥವಾದಷ್ಟನ್ನು ಹೇಳುತ್ತೇನೆ. ತಪ್ಪಿದ್ದರೆ ತಿಳಿದವರು ನಕ್ಕುಬಿಡಲಿ.

ಮತ್ತಿಕೆರೆಯ ಮನೆಯಲ್ಲಿ ನಾನು, ನನ್ನ ಅಕ್ಕ ಇಬ್ಬರೇ ಇರುವುದು. ಅಕ್ಕ ಟೈಲರ್. ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ನು, ಬೀದಿಯ ಅರ್ಧ ಬ್ಲೌಸುಗಳು ಅವಳ ಕೈಯವೇ. ಭಜನೆ ಮಂಡಳಿಯವರ ಜೊತೆ ಕೇದಾರಕ್ಕೆ ಹೋಗಲೆಂದು ಸ್ವೆಟರು, ಮಂಕಿಕ್ಯಾಪು ಎಲ್ಲ ಕೊಂಡಿಟ್ಟುಕೊಂಡಿದ್ದಳು. ಇನ್ನೇನು ಹೊರಡಬೇಕು, ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಬಗ್ಗಿದವಳು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ದಿನಾ ನಡೆಯಲೇಬೇಕು, ಇಲ್ಲವಾದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಅಕ್ಕ ವಾಕರನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಟವೆಲ್ ಒಣಹಾಕಿಕೊಂಡು ಕೂತಳು. ನಾನು ಬೈದೆ, ಕಣ್ಣೀರು ಹಾಕಿದೆ, ಕೈಮುಗಿದೆ.

"ನಡ್ಕೊಂಡು ಎಲ್ಲಿಗೆ ಹೋಗ್ಬೇಕು ಹೇಳು, ಅಡುಗೆಮನೆಗಾ?" ಎಂದಳು.

ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಲೆಕ್ಚರರ್ ಧಾರವಾಡದ ಕಡೆಯವರು. ಹತ್ತಿರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ಅಕ್ಕನ ಅವಸ್ಥೆ ನೋಡಲಾರದೆ ಆಕೆಯೇ ಒಂದು ಭಾನುವಾರ ತಮ್ಮ ಹಳೆಯ ಟ್ಯಾಬಿನಲ್ಲಿ ಒಂದು ಆಟ ಹಾಕಿ ತಂದುಕೊಟ್ಟರು. ಅದರಲ್ಲಿ ಹೊಡಿ ಬಡಿ ಏನೂ ಇಲ್ಲ, ಬರೀ ನೆಲ. ಹೆಬ್ಬೆರಳಿನಿಂದ ತಳ್ಳಿದರೆ ಒಳಗಿನ ಹೆಂಗಸು ನಡೆಯುತ್ತಾಳೆ. ಹುಲ್ಲು ಬರುತ್ತದೆ, ಕಾಡು ಬರುತ್ತದೆ, ಜೌಗು ಬರುತ್ತದೆ, ಎಷ್ಟು ನಡೆದರೂ ಮುಗಿಯುವುದಿಲ್ಲವಂತೆ. ಆ ಲೋಕಕ್ಕೆ ಒಂದು ಸಂಖ್ಯೆ ಇದೆ, ಅದನ್ನು ಇಂಟರ್ನೆಟ್ಟಿನಲ್ಲಿ ಒಂದು ಕಡೆ ಹಾಕಿದರೆ ಭೂಪಟ ಕಾಣುತ್ತದೆ. ಪಟದಲ್ಲಿ ಪೂರ್ವಕ್ಕೆ, ಬಹಳ ದೂರದಲ್ಲಿ, ಒಂದು ಬಿಳಿ ಮಚ್ಚೆ ಇತ್ತು.

"ಇದೇನ್ರೀ?" ಎಂದಳು ಅಕ್ಕ.

"ಹಿಮದ ಬೆಟ್ಟರೀ, ಅಕ್ಕಾರ."

ಅಕ್ಕನ ಕಣ್ಣು ಅಲ್ಲೇ ನೆಟ್ಟುಹೋಯಿತು. ಹಾರಿಕೊಂಡು ಹೋಗುವ ಉಪಾಯವೂ ಆಟದಲ್ಲಿದೆ ಎಂದು ತೋರಿಸಲು ಹೋದರೆ ಬಿಡಲೇ ಇಲ್ಲ. "ಹಾರ್ಕೊಂಡು ನೋಡೋದಾದ್ರೆ ಟಿವಿಲೇ ನೋಡ್ತೀನಿ ಬಿಡ್ರಿ. ಯಾತ್ರೆ ಅಂದ್ರೆ ನಡೀಬೇಕು." ಆಮೇಲೆ ತಾನೇ ಒಂದು ಕಟ್ಟುಪಾಡು ಮಾಡಿಕೊಂಡಳು. ವಾಕರ್ ಹಿಡಿದು ಹಾಲಿನಿಂದ ಹಿತ್ತಿಲ ಬಾಗಿಲಿಗೆ ಹೋಗಿ ಬಾರದೆ ಟ್ಯಾಬ್ ಮುಟ್ಟುವಂತಿಲ್ಲ. ಕಾಲು ಎಷ್ಟು ಹೊತ್ತು ನಡೆಯಿತೋ ಹೆಬ್ಬೆರಳೂ ಅಷ್ಟೇ ಹೊತ್ತು. ನಾನು ಯಶವಂತಪುರದಿಂದ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ "ಇವತ್ತು ಹೊಳೆ ದಾಟ್ದೆ ಕಣೇ" ಎನ್ನುತ್ತಿದ್ದಳು. ಯಾವ ಹೊಳೆಯೋ, ಎಲ್ಲಿಯದೋ. ವಾಕರಿನ ಮೇಲೆ ಟವೆಲ್ ಇಲ್ಲವಲ್ಲ, ನನಗೆ ಅಷ್ಟೇ ಸಾಕಿತ್ತು.

ಒಂದು ಸಂಜೆ ಬಂದಾಗ ಟ್ಯಾಬು ಮಗುಚಿ ಬಿದ್ದಿತ್ತು, ಅಕ್ಕ ಗೋಡೆ ನೋಡುತ್ತಾ ಕೂತಿದ್ದಳು. "ಬೆಟ್ಟ ಇಲ್ಲ" ಎಂದಳು. ಎತ್ತಿ ನೋಡಿದೆ. ಅವಳು ನಿಂತಿದ್ದ ಹಸಿರು ಹುಲ್ಲು ಎದುರಿಗೇ ಗೆರೆ ಹೊಡೆದ ಹಾಗೆ ನಿಂತುಹೋಗಿ, ಅಲ್ಲಿಂದಾಚೆ ಕಣ್ಣು ಹಾಯಿಸಿದಷ್ಟೂ ಮರಳು.

ಲೆಕ್ಚರರನ್ನು ಕರೆದೆ. "ಅಯ್ಯ, ಆಟ ತಾನ ಅಪ್‌ಡೇಟ್ ಆಗೇತ್ರೀ" ಎಂದು ಹಣೆ ಚಚ್ಚಿಕೊಂಡರು. ಹೊಸ ಪಟ ತೆಗೆದು ನೋಡಿದರೆ ಬಿಳಿ ಮಚ್ಚೆಯ ಜಾಗದಲ್ಲೂ ಮರಳೇ. "ನೀವು ನಡದದ್ದು ಹಂಗೇ ಉಳದೈತಿ. ನಡೀಲಾರದ್ದು ಹೊಸಾ ಲೆಕ್ಕದಾಗ ಹುಟ್ಟೇತಿ."

"ಏನ್ರೀ ಹಾಗಂದ್ರೆ?" ನಾನು ರೇಗಿದೆ. "ಹೆಸರಘಟ್ಟದ ಹುಲ್ಲುಗಾವಲು ನಾನು ಹೋದ್ರೂ ಇರತ್ತೆ, ಹೋಗ್ದಿದ್ರೂ ಇರತ್ತೆ ಅಲ್ವಾ?"

"ಅದು ಇರ್ತೈತ್ರೀ. ಇದು ಹಂಗಲ್ಲ. ಇಲ್ಲಿ ನೀವು ಹತ್ರ ಹೋದ ಮ್ಯಾಲೇ ನೆಲ ಹುಟ್ಟೂದು."

"ಮತ್ತೆ ಪಟದಲ್ಲಿ ಕಂಡಿದ್ದು?"

"ಹುಟ್ಟಿದ್ರ ಹಿಂಗ ಹುಟ್ತೈತಿ ಅಂತ ತೋರ್ಸಿದ್ದು."

ಒಗಟು ಬೇಡ, ಬಿಡಿಸಿ ಹೇಳಿ ಎಂದೆ. ಪಾಪ, ಆಕೆ ಮೆಷಿನ್ನಿನ ಹತ್ತಿರ ಬಿದ್ದಿದ್ದ ಎರಡು ತೆಳು ಬಟ್ಟೆಯ ತುಂಡು ಎತ್ತಿಕೊಂಡರು. ಎರಡರಲ್ಲೂ ಬಣ್ಣ ಒಂದು ಕಡೆ ಗಾಢ, ಹೋಗುತ್ತಾ ಹೋಗುತ್ತಾ ತಿಳಿ. ಒಂದು ತುಂಡು ಎಲ್ಲೆಲ್ಲಿ ಎಷ್ಟು ಬಿಸಿ ಎಂದು ಹೇಳುತ್ತದಂತೆ, ಇನ್ನೊಂದು ಎಷ್ಟು ತೇವ ಎಂದು. ಒಂದರ ಮೇಲೊಂದು ಹಾಸಿ ನೋಡುವುದು. ಬಿಸಿ ಹೆಚ್ಚು, ತೇವ ಕಡಿಮೆ ಇದ್ದಲ್ಲಿ ಮರಳು. ಎರಡೂ ಹೆಚ್ಚಿದ್ದರೆ ದಟ್ಟ ಕಾಡು. ಎರಡೂ ಹದವಾಗಿದ್ದರೆ ಹುಲ್ಲು. ಬಿಸಿ ತೀರಾ ಇಳಿದಲ್ಲಿ ಹಿಮ. ಬಣ್ಣ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವುದರಿಂದ ಒಂದು ಸೀಮೆ ಇನ್ನೊಂದರೊಳಗೆ ನಿಧಾನವಾಗಿ ಸೇರಿಕೊಳ್ಳುತ್ತದೆ. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎನ್ನುವುದು ಆ ಸಂಖ್ಯೆಯಿಂದ ಬರುತ್ತದೆ. ಸಂಖ್ಯೆ ಈಗಲೂ ಅದೇ, ಆದರೆ ಆಟ ಮಾಡಿದವರು ಬಣ್ಣ ಹಾಕುವ ಕ್ರಮವನ್ನೇ ಬದಲಾಯಿಸಿಬಿಟ್ಟಿದ್ದಾರೆ. ಅದಕ್ಕೇ ಹಳೆಯ ನೆಲಕ್ಕೂ ಹೊಸ ನೆಲಕ್ಕೂ ಹೊಂದಿಕೆಯಿಲ್ಲ.

"ಹಾಗಾದ್ರೆ ಮೋಡ, ಗಾಳಿ, ಮಳೆ?"

"ನೆಲ ಹುಟ್ಟಾಕ ಅವ್ಯಾವೂ ಬೇಕಾಗಂಗಿಲ್ರೀ."

ಮಳೆಯೇ ಬೇಡದೆ ಕಾಡು! ನನ್ನ ತಲೆ ಚಿಟ್ಟು ಹಿಡಿದುಹೋಯಿತು. ಅಕ್ಕ ಟ್ಯಾಬನ್ನು ಮೆಷಿನ್ನಿನ ಕೆಳಗೆ ತಳ್ಳಿದಳು. ಮರುದಿನ ವಾಕರಿನ ಮೇಲೆ ಟವೆಲ್ ಬಂತು. ಅದರ ಮರುದಿನವೂ ಇತ್ತು. ಕಾಲು ಬಿಗಿದುಕೊಂಡು, ಬಚ್ಚಲಿಗೆ ಹೋಗಲು ನನ್ನ ಭುಜ ಹಿಡಿಯತೊಡಗಿದಳು. ನನಗೆ ಹೆದರಿಕೆಯಾಯಿತು, ನಿಜವಾಗಿ ಹೆದರಿಕೆಯಾಯಿತು. ಇಲ್ಲದ ಬೆಟ್ಟ ಇಲ್ಲವಾಗಿದ್ದಕ್ಕೆ ಇರುವ ಕಾಲು ಹೋಗುವುದೆಂದರೆ ಏನು? ಯಾರನ್ನು ಬೈಯಬೇಕು ಎಂದೂ ತಿಳಿಯದೆ ಕುಕ್ಕರನ್ನು ಬೈದೆ.

ಅವಳನ್ನು ಎಬ್ಬಿಸಿದ್ದು ನಾನಲ್ಲ, ಡಾಕ್ಟರೂ ಅಲ್ಲ. ಒಂದು ರಜೆಯ ದಿನ ಸುಮ್ಮನೆ ಟ್ಯಾಬ್ ತೆಗೆದವಳು ಹುಲ್ಲು ನಿಂತು ಮರಳು ಶುರುವಾಗುವ ಆ ಗೆರೆಯನ್ನು ನೋಡುತ್ತಾ ಕೂತಳು. ಮುಖ ಗಂಟಿಕ್ಕಿತು.

"ಥೂ, ಇದ್ಯಾರೇ ಇಷ್ಟು ದರಿದ್ರವಾಗಿ ಜೋಡ್ಸಿರೋದು? ಒಂದಕ್ಕೊಂದು ಕೂತೇ ಇಲ್ಲ. ನನ್ನ ಹತ್ರ ಕಲಿಯೋಕೆ ಬಂದೋರು ಹೀಗೆ ಹೊಲಿದಿದ್ರೆ ಬಿಚ್ಚಿಸ್ತಿದ್ದೆ." ಟ್ಯಾಬನ್ನು ಪಕ್ಕಕ್ಕಿಟ್ಟು, "ಎಷ್ಟು ದೂರ ಇದೆಯೋ ನೋಡ್ತೀನಿ ಈ ಮರಳು. ವಾಕರ್ ಕೊಡು."

ಕೊಟ್ಟೆ. ಟವೆಲನ್ನು ಎಲ್ಲಿಗೆ ಎಸೆದೆನೋ ನೆನಪಿಲ್ಲ.

ಮರಳು ಮುಗಿಯಲೇ ಇಲ್ಲ. ಅಕ್ಕ ದಿನವೂ ಅದಕ್ಕೆ ಶಾಪ ಹಾಕುತ್ತಾ ನಡೆದಳು. ಒಂದು ಸಂಜೆ ನಾನು ಬರುವಾಗ ಗೇಟಿನ ಹತ್ತಿರ ಬರೀ ಒಂದು ಕೋಲು ಊರಿಕೊಂಡು, ಸೊಪ್ಪಿನವಳ ಜೊತೆ ಪಾಲಕ್ ಬಾಡಿದೆ ಎಂದು ಜಗಳಕ್ಕೆ ನಿಂತಿದ್ದಳು. ನಾನು ರಸ್ತೆಯಲ್ಲೇ ಅತ್ತುಬಿಟ್ಟೆ. ಸೊಪ್ಪಿನವಳು ಬೆಲೆಗೆ ಅಳುತ್ತಿದ್ದೇನೆ ಅಂದುಕೊಂಡಳೋ ಏನೋ, ಒಂದು ಕಟ್ಟು ಮೆಂತ್ಯ ಹೆಚ್ಚಿಗೆ ಕೊಟ್ಟಳು.

ಹೋದ ತಿಂಗಳು ಲೆಕ್ಚರರ್ ಮೆಟ್ಟಿಲಿಳಿದು ಓಡಿಬಂದರು. "ಸಿಕ್ತ್ರೀ ಅಕ್ಕಾರ! ಹಳೇ ಆಟಾನ ತಿರುಗಿ ಹಾಕಬಹುದು. ಹೊಸಾ ಲೆಕ್ಕದಾಗ ಹುಟ್ಟಿದ್ದ ನೆಲ ಅಷ್ಟೂ ಅಳಿಸಿಬಿಟ್ರ, ಅಲ್ಲಿ ಮೊದಲಿನಂಗ ಹುಟ್ತೈತಿ. ಹಿಮದ ಬೆಟ್ಟಾನೂ ಬರ್ತೈತಿ."

ನಾನು ಆಕೆಯನ್ನು ಅಪ್ಪಿಕೊಂಡೆ. ಅಕ್ಕ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದವಳು ತಲೆ ಎತ್ತಿದಳು.

"ಈ ಮರಳು?"

"ಅದು ಹೋಗ್ತೈತ್ರೀ."

"ಹಾಗಾದ್ರೆ ಬೇಡ."

ನನಗೆ ತಡೆಯಲಾಗಲಿಲ್ಲ. "ಹುಚ್ಚು ಹಿಡಿದಿದೆಯೇನೇ ನಿಂಗೆ? ಹಿಮ ಹಿಮ ಅಂತ ಪ್ರಾಣ ತಿಂದೋಳು ನೀನೇ ಅಲ್ವಾ? ಆ ಹಾಳು ಮರಳಲ್ಲಿ ಒಂದು ಗಿಡ ಇಲ್ಲ, ಒಂದು ಹನಿ ನೀರಿಲ್ಲ. ಏನಿದೆ ಅಂತ ಇಟ್ಕೋತೀಯಾ?"

ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದು, ಬ್ಲೌಸನ್ನು ಮಡಿಸಿ ಪಕ್ಕಕ್ಕಿಟ್ಟಳು.

"ಆ ಮರಳಲ್ಲೇ ಕಣೇ ನಾನು ವಾಕರ್ ಬಿಟ್ಟಿದ್ದು."