ಲವಂಗದ ವಾಸನೆ

ಆಟೋದಲ್ಲಿ ಅಕ್ಕನ ಬಾಯಿಂದ ಲವಂಗದ ವಾಸನೆ ಬಂದಾಗಲೇ ನಾನು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಅನುಮಾನವೆಲ್ಲ ಆಗ ಹಲ್ಲಿನ ಡಾಕ್ಟರ ಮೇಲಿತ್ತು. ‘ಒಂದೇ ದಿನದಲ್ಲಿ ಹಲ್ಲು’ ಎಂದು ಬೋರ್ಡು ಹಾಕಿದವರನ್ನು ಹೇಗೆ ನಂಬುವುದು?

ಅಕ್ಕ ಬಾಪೂಜಿನಗರದ ನಮ್ಮ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಮುಂದಿನ ಹಲ್ಲೊಂದು ಅರ್ಧ ಮುರಿದ ಮೇಲೆ ಅವಳ ‘ಸ’ ಶಿಳ್ಳೆಯಾಗಿ ಹೊರಡುತ್ತಿತ್ತು. ಮಕ್ಕಳೂ ಸಾಲಾಗಿ ಕೂತು ಹಾಗೇ ಶಿಳ್ಳೆ ಹೊಡೆದು ನಗುತ್ತಿದ್ದವು. ನವರಾತ್ರಿಯ ತನ್ನ ಹಾಡಿನ ಕಾರ್ಯಕ್ರಮದ ಹೊತ್ತಿಗೆ ಹೊಸ ಹಲ್ಲು ಬೇಕೆಂದು ಹಟ ಹಿಡಿದಳು.

ವಿಜಯನಗರದ ಆ ಕ್ಲಿನಿಕ್ಕಿನಲ್ಲಿ ಡಾಕ್ಟರು, “ಹಲ್ಲು ಕಿತ್ತ ದಿನಾನೇ ದವಡೆ ಮೂಳೆಗೆ ಇಂಪ್ಲಾಂಟ್ ಸ್ಕ್ರೂ ಕೂರಿಸ್ಬಹುದಮ್ಮಾ. ಆದ್ರೆ ವಸಡು ಕ್ಲೀನಾಗಿರ್ಬೇಕು. ಕೀವಿದ್ರೆ ಬರೀ ಹಲ್ಲು ಕಿತ್ತು, ವಾಸಿಯಾಗೋವರೆಗೂ ಕಾಯ್ಬೇಕು. ಕೀವು ಗೀವು ಬರ್ತಿತ್ತಾ?” ಎಂದರು.

“ಇಲ್ಲ ಸಾರ್,” ಎಂದಳು ಅಕ್ಕ, ಕಣ್ಣು ಮಿಟುಕಿಸದೆ.

ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು. ಎರಡನೆಯ ಸಲ ಏಕೆ ನೋಡಿದರು ಎಂದು ಈಗಲೂ ಯೋಚಿಸುತ್ತೇನೆ. ಆಮೇಲೆ ಹಲ್ಲು ಕಿತ್ತು, ಸ್ಕ್ರೂ ಕೂರಿಸಿ, ಮೇಲೊಂದು ತಾತ್ಕಾಲಿಕ ಹಲ್ಲನ್ನೂ ಇಟ್ಟರು.

ನಾಲ್ಕನೆಯ ದಿನ ಬೆಳಗ್ಗೆ ಅಕ್ಕನ ತುಟಿ, ಕೆನ್ನೆ ಊದಿ, ಬಲಗಣ್ಣು ಮುಚ್ಚಿಹೋಗಿತ್ತು. ಚಳಿಜ್ವರಕ್ಕೆ ಮಂಚವೇ ಅಲುಗುತ್ತಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಸೋಂಕು ಕಣ್ಣಿನ ಹತ್ರ ಬಂದಿದೆ. ಇನ್ನೂ ಮೇಲಕ್ಕೆ ಹೋದ್ರೆ, ಮಿದುಳು...” ಎಂದರು. ಆ ಅರ್ಧ ವಾಕ್ಯ ಪಾತ್ರೆ ತೊಳೆಯುವಾಗಲೂ ನನಗೆ ಕೇಳಿಸುತ್ತದೆ. ಸ್ಕ್ರೂ ತೆಗೆದು ಕೀವು ಬಸಿದ ಮೇಲೆ ಊತ ಇಳಿಯಿತು.

ಹಲ್ಲಿನ ಡಾಕ್ಟರು ಆಮೇಲೆ ವಿವರಿಸಿದರು. ಕಿತ್ತ ಹಲ್ಲಿನ ಗುಳಿಯಲ್ಲಿ ಮೊದಲೇ ಬ್ಯಾಕ್ಟೀರಿಯಾ ಇತ್ತಂತೆ. ವಸಡು ಕೂಡಿಕೊಳ್ಳುವ ಮುಂಚೆಯೇ ಸ್ಕ್ರೂವಿಗೆ ಅಂಟಿಕೊಂಡಿತಂತೆ. ಒಮ್ಮೆ ಅಂಟಿದರೆ ಮಾತ್ರೆಗೂ ಸುಲಭವಾಗಿ ಜಗ್ಗುವುದಿಲ್ಲವಂತೆ. ದುಡುಕಿದವರು ನೀವೇ ಎಂದು ಮನಸ್ಸಿನಲ್ಲೇ ಬೈದು ಮನೆಗೆ ಬಂದೆ. ಅಕ್ಕನ ಹಾಸಿಗೆ ಕೊಡವಿದರೆ ದಿಂಬಿನ ಕೆಳಗೆ ಲವಂಗದ ಪೊಟ್ಟಣ! ಜೊತೆಗೆ, ಎಂದೋ ನನಗೆ ಬರೆದುಕೊಟ್ಟು ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆಗಳ ಖಾಲಿ ಪಟ್ಟಿ.

“ಸ್ವಲ್ಪ ಕೀವು ಬರ್ತಿತ್ತು ಕಣೇ,” ಎಂದಳು. “ಒತ್ತಿ ತೆಗೆದು, ಬಾಯಿ ಮುಕ್ಕಳಿಸ್ಕೊಂಡು ಬಂದಿದ್ದೆ. ಹೇಳಿದ್ರೆ ಮುಂದಕ್ಕೆ ಹಾಕ್ಬಿಡ್ತಿದ್ರು.”

ನವರಾತ್ರಿ ಅವಳ ಹಾಡಿಲ್ಲದೆ ಮುಗಿಯಿತು. ಅಂದಿನಿಂದ ಕಾಫಿ ಕೊಡುವ ನೆಪದಲ್ಲಿ ಬಾಗಿ ಅವಳ ಬಾಯಿ ಮೂಸುವುದು ನನ್ನ ಅಭ್ಯಾಸ. “ಬಂತು ಪೊಲೀಸ್ ನಾಯಿ,” ಎನ್ನುತ್ತಾಳೆ.

ರಾಮನವಮಿ ಹತ್ತಿರವಾದಾಗ, ಅಂದರೆ ಮೊನ್ನೆ, ಹೊಸ ಸ್ಕ್ರೂ ಹಾಕಿಸಲು ಹೊರಟೆವು. ಆಟೋದಲ್ಲಿ ಅದೇ ವಾಸನೆ.

“ಪಲಾವ್ ತಿಂದೆ ಕಣೇ.”

ಬೆಳಗ್ಗೆ ಮನೆಯಲ್ಲಿ ಮಾಡಿದ್ದು ಉಪ್ಪಿಟ್ಟು.

ಡಾಕ್ಟರು ಇಂಜೆಕ್ಷನ್ ಕೈಗೆತ್ತಿಕೊಂಡು, “ಕೀವು, ನೋವು ಏನಾದ್ರೂ?” ಎಂದರು.

“ಏನಿಲ್ಲ ಸಾರ್.”

“ಲವಂಗ ಅಗೀತಿದಾಳೆ ಸಾರ್,” ಎಂದೆ ನಾನು.

ಅವರು ಇಂಜೆಕ್ಷನ್ ಕೆಳಗಿಟ್ಟು, ಪಕ್ಕದ ಹಲ್ಲಿನ ವಸಡನ್ನು ಬೆರಳಿನಿಂದ ಒತ್ತಿದರು. ಹಳದಿ ಚುಕ್ಕೆಯೊಂದು ಮೂಡಿತು.

“ಇವತ್ತು ಬೇಡಮ್ಮಾ. ಮೊದಲು ಇದು ವಾಸಿಯಾಗ್ಲಿ.”

ಅಕ್ಕ ನನ್ನತ್ತ ತಿರುಗಿ, “ಸುಮ್ನಿರಕ್ಕಾಗಲ್ವೇನೇ ನಿಂಗೆ?” ಎಂದಳು. ಆ ‘ಸು’ ಶಿಳ್ಳೆಯಾಗಿ ಹೊರಟಿತು. ಶಿಳ್ಳೆ ಹೊಡೆಯಲಿ ಬಿಡು, ಎಂದುಕೊಂಡು ಅವಳ ಚಪ್ಪಲಿಯನ್ನು ಕುರ್ಚಿಯ ಹತ್ತಿರಕ್ಕೆ ತಂದಿಟ್ಟೆ.