ನಕ್ಷೆಯಲ್ಲಿ ಮಾಯವಾದ ಕರ್ಸರ್

ನಕ್ಷೆಯ ಮೇಲೆ ತಂದೊಡನೆ ಕರ್ಸರ್ ಮಾಯವಾಗುತ್ತಿತ್ತು. ಪರದೆಯ ಅಂಚಿಗೆ ಒಯ್ದರೆ ಮತ್ತೆ ಕಾಣುತ್ತಿತ್ತು. ಮನೆಗಳ ನಕ್ಷೆ ಬರೆದುಕೊಡುವ ಬಳ್ಳಾರಿಯ ನನ್ನ ಪುಟ್ಟ ಕಚೇರಿಯಲ್ಲಿ ಎದುರಿಗೆ ಕುಳಿತಿದ್ದವರು ಕುರುಗೋಡಿನ ಶಿವಲೀಲಮ್ಮ. ಲಕ್ವಾ ಹೊಡೆದ ಗಂಡನ ಗಾಲಿಕುರ್ಚಿ ಒಳಗೆ ಬರುವಂತೆ ಅವರ ಮನೆಯ ಬಾಗಿಲು ಅಗಲಿಸಿ, ಇಳಿಜಾರು ಕಟ್ಟಬೇಕಿತ್ತು. ಮರುದಿನ ಬೆಳಿಗ್ಗೆ ನಕ್ಷೆ ಸಿಗದಿದ್ದರೆ ಗೌಂಡಿ ಸಿರುಗುಪ್ಪದ ಬೇರೆ ಕೆಲಸಕ್ಕೆ ಹೊರಟುಬಿಡುವವನಿದ್ದ. ಮೌಸ್ ಬದಲಿಸಿದೆ, ಕಂಪ್ಯೂಟರನ್ನು ಎರಡು ಸಲ ಆರಿಸಿ ಹಚ್ಚಿದೆ. ಏನೂ ಆಗಲಿಲ್ಲ.

"ಗ್ರಾಫಿಕ್ಸ್ ಸೆಟ್ಟಿಂಗ್‌ನ್ಯಾಗ ಹಾರ್ಡ್‌ವೇರ್ ಆಕ್ಸಲರೇಷನ್ ಅಂತ ಐತಿ ನೋಡ್ರಿ. ಅದನ್ನ ಆಫ್ ಮಾಡ್ರಿ," ಎಂದರು ಶಿವಲೀಲಮ್ಮ.

"ನಿಮಗೆ ಹೇಗೆ ಗೊತ್ತು?" ಎಂದು ಕೇಳಿದೆ.

"ಕೌಲ್ ಬಜಾರಿನ ಜೀನ್ಸ್ ಕಾರ್ಖಾನ್ಯಾಗ ಪ್ಯಾಂಟಿನ ಪ್ಯಾಟರ್ನ್ ಎಲ್ಲಾ ಕಂಪ್ಯೂಟರಿನ್ಯಾಗ ನಾನೇ ಹಾಕ್ತೀನ್ರಿ. ಅಲ್ಲೂ ಹಿಂಗ ಆಗಿತ್ತು."

ಅವರು ಹೇಳಿದಂತೆ ಮಾಡಿದೆ. ಕರ್ಸರ್ ಬಂದು ಬಾಗಿಲಿನ ಗೆರೆಯ ಮೇಲೆ ಅಲುಗದೆ ನಿಂತಿತು. ಸಂಜೆ ಐದರೊಳಗೆ ನಕ್ಷೆ ಅವರ ಕೈಯಲ್ಲಿತ್ತು.

ಅಂದು ಬೆಳಿಗ್ಗೆಯಿಂದ ನಾನು ಅವರಿಗೆ ಇದು ಗೋಡೆ, ಇದು ಬಾಗಿಲು ಎಂದು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದ್ದೆ. ಅವರು ತಾಳ್ಮೆಯಿಂದ ತಲೆಯಾಡಿಸಿದ್ದರು. ಈಗ ಯಾರೇ ಬಂದು ಕೂತರೂ, ಅವರು ಏನು ಕೆಲಸ ಮಾಡುತ್ತಾರೆ ಎಂದು ಮೊದಲು ಕೇಳುತ್ತೇನೆ.